ತಟ್ಟು ಚಿಕ್ಕದು, ಕೆಲಸ ಚಿಕ್ಕದಲ್ಲ

"ಮಗು 18 ಕಿಲೊ ಇದ್ದೀತು ಅಷ್ಟೆ. ತಟ್ಟುವಿಗೆ ಅದೊಂದು ಭಾರವೇ?"

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ಈ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬರುತ್ತದೆ. ಬೆಂಗಳೂರಿನ ಸುತ್ತಲಿನ ತೋಟದ ಮನೆಗಳಲ್ಲಿ ಈಗ ಸಣ್ಣ ಕುದುರೆ ಸಾಕುವವರು ಕಡಿಮೆಯೇನಿಲ್ಲ. ಹಿರಿಯ ಮಗಳಿಗೆಂದು ತಂದಿರುತ್ತಾರೆ. ಅವಳು ಉದ್ದ ಬೆಳೆದು, ತಟ್ಟುವಿನ ಮೇಲೆ ಕೂತರೆ ಕಾಲು ಜೋಲಾಡುವಂತಾಗಿ, ಕೊನೆಗೆ ಏರುವುದನ್ನೇ ಬಿಟ್ಟಿರುತ್ತಾಳೆ. ಒಂದೋ ಎರಡೋ ವರ್ಷ ಅದು ಬೇಲಿಯೊಳಗೆ ಹಾಗೇ ನಿಂತಿರುತ್ತದೆ. ಅಷ್ಟರಲ್ಲಿ ಚಿಕ್ಕವನಿಗೆ ಐದಾರು ವರ್ಷ ತುಂಬುತ್ತದೆ. ಆಗ ನನಗೊಂದು ಫೋನು: ಒಂದು ಭಾನುವಾರ ಬಂದು ಜೀನು ಹಾಕಿ ಮಗುವನ್ನು ಕೂರಿಸಿಕೊಟ್ಟು ಹೋಗಿ ಎಂದು.

ಮಕ್ಕಳಿಗೆ ಸವಾರಿ ಕಲಿಸುವುದು ನನ್ನ ವೃತ್ತಿ. ಭಾನುವಾರದ ಆ ಒಂದು ಬೆಳಗಿಗೆ ನಾನು ಒಪ್ಪುವುದಿಲ್ಲ. ನಿಂತಿದ್ದ ತಟ್ಟುವನ್ನು ಮತ್ತೆ ಕೆಲಸಕ್ಕೆ ತರಲು ಕನಿಷ್ಠ ಮೂರು ತಿಂಗಳು ಬೇಕು, ನಾಲ್ಕು ಸಿಕ್ಕರೆ ಒಳ್ಳೆಯದು ಎನ್ನುತ್ತೇನೆ. ಕೇಳಿದವರಿಗೆ ನಿರಾಸೆಯಾಗುತ್ತದೆ, ಕೆಲವರಿಗೆ ಸಿಟ್ಟೂ ಬರುತ್ತದೆ. ಇಷ್ಟು ಸಣ್ಣ ಪ್ರಾಣಿಗೆ, ಇಷ್ಟು ಹಗುರ ಮಗುವಿಗೆ ಅಷ್ಟು ಕಾಲ ಏಕೆ? ನನ್ನ ಅನುಭವ ಹೇಳುವುದು ಇದಕ್ಕೆ ಉಲ್ಟಾ. ದೊಡ್ಡ ಕುದುರೆಗಿಂತ ಚಿಕ್ಕ ತಟ್ಟುವಿಗೇ ಹೆಚ್ಚು ತಾಳ್ಮೆ ಬೇಕು. ದೊಡ್ಡ ಕುದುರೆ ವರ್ಷಗಟ್ಟಲೆ ನಿಂತಿದ್ದರೂ, ಮಾಲೀಕ ಏರುವ ಮೊದಲು ಪಳಗಿದ ಸವಾರನೊಬ್ಬ ಅದರ ಮೇಲೆ ಕೂತು ಅದರ ನಡೆ, ಅದರ ಹೆದರಿಕೆ, ಅದರ ತುಂಟತನ ಎಲ್ಲವನ್ನೂ ತಾನು ತಾಳಿಕೊಂಡು ತಿದ್ದುತ್ತಾನೆ. 11 ಕೈ ಎತ್ತರದ, ಅಂದರೆ 44 ಇಂಚಿನ ತಟ್ಟುವಿನ ಮೇಲೆ ನನ್ನಂಥವಳಿಗೆ ಕೂರಲಾಗದು. ಹಾಗಾಗಿ ಎರಡು ವರ್ಷದ ನಂತರ ಅದರ ಬೆನ್ನೇರುವ ಮೊದಲ ಮನುಷ್ಯ ಜೀವ ಆ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ತಿಳಿದ, ಎಲ್ಲರಿಗಿಂತ ಬೇಗ ಬೀಳುವ ಜೀವವಾಗಿರುತ್ತದೆ. ನಡುವೆ ತಡೆಯಲು ಯಾರೂ ಇರುವುದಿಲ್ಲ. ಮಗುವಿನ ತೂಕ ಲೆಕ್ಕ ಹಾಕುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ಈ ವರ್ಷ ನಾನು ಕೈಗೆತ್ತಿಕೊಂಡ ತಟ್ಟುವಿನ ಹೆಸರು ಬೆಲ್ಲ. ದೊಡ್ಡಬಳ್ಳಾಪುರದ ಕಡೆಯ ಒಂದು ತೋಟದ್ದು. ಹದಿನಾಲ್ಕು ವರ್ಷದ ಹೆಣ್ಣು, ಹೆಸರಿಗೆ ತಕ್ಕ ಬಣ್ಣ, ಹಣೆಯ ಮೇಲೆ ಒಂದು ಬಿಳಿ ಚುಕ್ಕೆ. ವಯಸ್ಸು ಕೇಳಿ ಮುಖ ಸಣ್ಣ ಮಾಡಿಕೊಳ್ಳಬೇಕಿಲ್ಲ. ಚೆನ್ನಾಗಿ ನೋಡಿಕೊಂಡ ತಟ್ಟು ಮೂವತ್ತರ ಆಚೆಗೂ ಬದುಕುತ್ತದೆ. ಮಗುವಿಗೆ ನಾಲ್ಕು ವರ್ಷದ ಚುರುಕು ಮರಿಗಿಂತ ಹದಿನಾಲ್ಕರ ಈ ಅನುಭವಸ್ಥೆಯೇ ಮೇಲು. ಮಗುವೂ ಹೊಸದು ತಟ್ಟುವೂ ಹೊಸದು ಎಂಬ ಜೋಡಿಯನ್ನು ಎಷ್ಟೇ ದುಡ್ಡು ಕೊಟ್ಟರೂ ನಾನು ಕಟ್ಟುವುದಿಲ್ಲ.

ಮನೆಯವರು ಬೆಲ್ಲಳನ್ನು ಬಹಳ ಪ್ರೀತಿಯಿಂದ ಸಾಕಿದ್ದರು. ತೊಂದರೆ ಬಂದದ್ದೂ ಆ ಪ್ರೀತಿಯಿಂದಲೇ. ಸ್ಪ್ರಿಂಕ್ಲರ್ ನೀರು ಕುಡಿದು ಹಸಿರಾದ ಲಾನು ಮೇಯಲು, ಬೆಳಿಗ್ಗೆ ಬೇಯಿಸಿದ ಹುರುಳಿ, ಸಂಜೆ ಬೂಸ, ಬಂದುಹೋಗುವ ನೆಂಟರ ಕೈಯಿಂದ ಬ್ರೆಡ್ಡು, ಬಾಳೆಹಣ್ಣು, ಅಚ್ಚುಬೆಲ್ಲ. ಕೆಲಸ ಮಾತ್ರ ಇಲ್ಲ. ನಾನು ನೋಡಿದಾಗ ಅವಳ ಕುತ್ತಿಗೆಯ ಮೇಲ್ಭಾಗ ದಪ್ಪಗೆ ಗಟ್ಟಿಯಾಗಿ ಎದ್ದು ನಿಂತಿತ್ತು. ಪಕ್ಕೆಲುಬು ಕೈಗೆ ಸಿಗುತ್ತಿರಲಿಲ್ಲ. ಮನೆಯವರಿಗೆ ಅದು ಪುಷ್ಟಿ. ನನಗೆ ಅದು ಗೊರಸಿನ ಮೇಲೆ ತೂಗುತ್ತಿರುವ ಅಪಾಯ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಊಟ ಹೆಚ್ಚಾಗಿ ತಟ್ಟು ಕುಂಟುತ್ತದೆ ಎಂದರೆ ಯಾರೂ ನಂಬುವುದಿಲ್ಲ. ಗೊರಸಿನ ಒಳಗೆ ಒಂದು ಎಲುಬಿದೆ. ಉಗುರು ಮಾಂಸಕ್ಕೆ ಕಚ್ಚಿಕೊಂಡ ಹಾಗೆ, ಆ ಎಲುಬನ್ನು ಗೊರಸಿನ ಗೋಡೆಗೆ ಸಾವಿರಾರು ಸೂಕ್ಷ್ಮ ಪದರಗಳು ಹಿಡಿದಿಟ್ಟಿವೆ. ಪ್ರಾಣಿಯ ಇಡೀ ತೂಕ ನಿಂತಿರುವುದು ಆ ಪದರಗಳ ಹಿಡಿತದಲ್ಲಿ. ಒಣಹುಲ್ಲು ಮೇದುಕೊಂಡು ದಿನವಿಡೀ ನಡೆಯಲೆಂದು ಹುಟ್ಟಿದ ಈ ಜೀವಕ್ಕೆ ಸಕ್ಕರೆ, ಪಿಷ್ಟ ಹೆಚ್ಚಾದರೆ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. ಏರಿದ ಇನ್ಸುಲಿನ್ ಆ ಪದರಗಳನ್ನು ಸಡಿಲಿಸುತ್ತದೆ. ಕಾಯಿಲೆ ಬಲಿತರೆ ಎಲುಬು ತನ್ನ ಜಾಗದಿಂದ ತಿರುಗುತ್ತದೆ, ಇಲ್ಲವೇ ಕೆಳಗೆ ಕುಸಿಯುತ್ತದೆ. ಲ್ಯಾಮಿನೈಟಿಸ್ ಎಂಬ ಈ ಕಾಯಿಲೆಗೆ ಎತ್ತರದ ಕುದುರೆಗಳಿಗಿಂತ ತಟ್ಟುಗಳೇ ಬೇಗ ತುತ್ತಾಗುತ್ತವೆ. ಮುಂಗಾಲು ಮುಂದೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಲ್ಲುವುದು, ಗೊರಸು ಬಿಸಿಯಾಗುವುದು, ಗೊರಸಿನ ಮೇಲ್ಗಡೆ ನಾಡಿ ಜೋರಾಗಿ ಬಡಿಯುವುದು, ತಿರುಗುವಾಗ ನೋವಿನಿಂದ ತಡೆಯುವುದು ಇದರ ಗುರುತುಗಳು. ಹಳೆಯ ಏಟು ಇದ್ದರೆ ಗೊರಸಿನ ಗೋಡೆಯ ಮೇಲೆ ಅಡ್ಡ ಬಳೆಗಳು ಕಾಣುತ್ತವೆ. ಆ ಬಳೆಗಳ ನಡುವಿನ ಅಂತರ ಹಿಮ್ಮಡಿಯ ಕಡೆ ಅಗಲವಾಗುತ್ತ ಹೋಗುತ್ತದೆ. ಈ ಕಾಯಿಲೆಯ ನೋವಿರುವ ತಟ್ಟುವಿಗೆ ವ್ಯಾಯಾಮ ಕೊಟ್ಟು ತೂಕ ಇಳಿಸುತ್ತೇನೆ ಎಂದು ನಡೆಸಿದರೆ ಅದನ್ನು ಹಿಂಸಿಸಿದ ಹಾಗೆ. ಬೆಲ್ಲಳ ಗೊರಸಿನಲ್ಲಿ ಬಳೆಗಳಿದ್ದವು, ಆದರೆ ತೆಳುವಾಗಿದ್ದವು. ಎಕ್ಸ್‌ರೇ ತೆಗೆಸಿ, ಎಲುಬು ಸ್ಥಾನದಲ್ಲೇ ಇದೆ ಎಂದು ಪಶುವೈದ್ಯರು ಹೇಳಿದ ಮೇಲೆಯೇ ಹಗ್ಗ ಹಿಡಿದೆ.

ಬೆಳಗಾವಿ, ಬಾಗಲಕೋಟೆ ಕಡೆ ಕುರಿಗಾರರು ಮಂದೆಯ ಜೊತೆ ತಟ್ಟು ಹೊಡೆದುಕೊಂಡು ಹೋಗುವುದನ್ನು ಕಂಡವರಿಗೆ ನಾನು ಹೇಳುವುದು ಬೇಗ ಅರ್ಥವಾದೀತು. ಅದರ ಬೆನ್ನ ಮೇಲೆ ಹಾಸಿಗೆ, ಪಾತ್ರೆ, ಕೆಲವೊಮ್ಮೆ ಆಗತಾನೇ ಹುಟ್ಟಿದ ಮರಿ. ಮೈಯಲ್ಲಿ ಮಾಂಸ ಹೆಚ್ಚಿರುವುದಿಲ್ಲ, ಕಾಲು ಮಾತ್ರ ಕಬ್ಬಿಣ. ಕೂಳೆ ಹೊಲದಲ್ಲಿ ಸಿಕ್ಕಿದ್ದು ಮೇದು ದಿನಕ್ಕೆ ಹರದಾರಿಗಟ್ಟಲೆ ನಡೆಯುವ ಆ ತಟ್ಟುಗಳಲ್ಲಿ ಬೆಲ್ಲಳಂಥ ಕುತ್ತಿಗೆಯನ್ನು ನಾನು ನೋಡಿಲ್ಲ.

ತೂಕ ನೋಡಲು ದೊಡ್ಡ ತಕ್ಕಡಿ ಬೇಕಿಲ್ಲ, ದರ್ಜಿಯ ಟೇಪು ಸಾಕು. ಮುಂಗಾಲ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರ್‌ನಲ್ಲಿ ಹಿಡಿದು, ಅದನ್ನು ಅದರಿಂದಲೇ ಗುಣಿಸಿ, ಹೆಗಲಿನ ತುದಿಯಿಂದ ಪಿರ್ರೆಯ ತುದಿಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕಿಲೊ ಲೆಕ್ಕದ ತೂಕ ಸಿಗುತ್ತದೆ. ಬೆಲ್ಲಳ ಎದೆ 140, ಉದ್ದ 120. ತೂಕ 198 ಕಿಲೊ. ನಾಲ್ಕು ತಿಂಗಳ ಕೆಲಸದ ನಂತರ ಎದೆ 132ಕ್ಕೆ ಇಳಿದಾಗ ಅದೇ ಲೆಕ್ಕ 176 ಎಂದಿತು. 22 ಕಿಲೊ ಕರಗಿತ್ತು. ಆ ಮನೆಯ ಹುಡುಗ 18 ಕಿಲೊ. ಅವನು ಬೆನ್ನೇರುವ ಮೊದಲೇ ಅವನಿಗಿಂತ ದೊಡ್ಡ ಮಗುವೊಂದರ ಭಾರವನ್ನು ಬೆಲ್ಲ ಹಗಲೂ ರಾತ್ರಿ, ಇಳಿಸುವ ಅವಕಾಶವೇ ಇಲ್ಲದೆ ಹೊತ್ತುಕೊಂಡಿದ್ದಳು. ಸವಾರನೂ ಜೀನೂ ಸೇರಿ ಪ್ರಾಣಿಯ ತೂಕದ ಐದನೇ ಒಂದು ಪಾಲು ಮೀರಬಾರದು ಎಂಬ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. ಆ ಪಾಲನ್ನು ಪ್ರಾಣಿ ಹದವಾಗಿದ್ದಾಗಿನ ತೂಕದಿಂದ ತೆಗೆಯಬೇಕು. ಕೊಬ್ಬಿದಷ್ಟೂ ಹೆಚ್ಚು ಹೊರಬಲ್ಲದು ಎಂದು ಅರ್ಥ ಮಾಡಿಕೊಂಡವರನ್ನೂ ಕಂಡಿದ್ದೇನೆ.

ಆಹಾರದಲ್ಲಿ ಮಾಡಿದ್ದು ಇಷ್ಟೇ. ಲಾನಿಗೆ ಬೇಲಿ ಬಿತ್ತು. ನೆಂಟರ ತಿಂಡಿ ನಿಂತಿತು. ಹುರುಳಿ, ಬೂಸ ಹತ್ತು ದಿನದಲ್ಲಿ ನಿಧಾನವಾಗಿ ಇಳಿದು ಹೋದವು. ಕುದುರೆಯ ಕರುಳು ಹಠಾತ್ ಬದಲಾವಣೆ ತಾಳುವುದಿಲ್ಲ, ವಾಂತಿ ಮಾಡಿ ಕಳೆದುಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಹುರುಳಿ, ಬೂಸದ ಜಾಗಕ್ಕೆ ನೀರಿನಲ್ಲಿ ನೆನೆಸಿ ಹಿಂಡಿದ ಒಣಹುಲ್ಲು ಬಂತು. ನೆನೆಸಿದರೆ ಸಕ್ಕರೆ ಒಂದಿಷ್ಟು ನೀರಿಗಿಳಿಯುತ್ತದೆ. ಜೊತೆಗೆ ಉಪ್ಪಿನ ಗಟ್ಟಿ, ಖನಿಜದ ಪುಡಿ. ಉಪವಾಸ ಕೆಡವಿ ತೂಕ ಇಳಿಸಲು ಹೋಗಬಾರದು. ತಟ್ಟುಗಳಲ್ಲಿ ಅದು ರಕ್ತಕ್ಕೆ ಕೊಬ್ಬು ನುಗ್ಗಿಸಿ ಪ್ರಾಣಕ್ಕೇ ಎರವಾಗುತ್ತದೆ.

ಉಳಿದ ತಪಾಸಣೆಗಳನ್ನು ಬೇಗ ಹೇಳಿಬಿಡುತ್ತೇನೆ. ಧನುರ್ವಾಯು ಲಸಿಕೆ ಕಡ್ಡಾಯ. ಲದ್ದಿ ಪರೀಕ್ಷೆ ಮಾಡಿಸಿ ಜಂತಿನ ಔಷಧ. ಗ್ಲ್ಯಾಂಡರ್ಸ್‌ಗೆ ರಕ್ತಪರೀಕ್ಷೆ, ಅದು ಮನುಷ್ಯರಿಗೂ ಹರಡುವ ರೋಗ, ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಮಾದರಿ ಪರೀಕ್ಷಿಸುತ್ತಾರೆ. ಗೊರಸನ್ನು ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಬೇಕು. ಹಲ್ಲು ನೋಡಿಸುವುದನ್ನು ಮಾತ್ರ ನೂರಕ್ಕೆ ತೊಂಬತ್ತು ಮನೆಯವರು ಮರೆಯುತ್ತಾರೆ. ಕುದುರೆಯ ಹಲ್ಲು ಸವೆದಂತೆ ಮೇಲೆದ್ದು ಬರುತ್ತಲೇ ಇರುತ್ತದೆ, ಅಂಚು ಚೂಪಾಗಿ ಕೆನ್ನೆಯ ಒಳಗನ್ನು ಕೊಯ್ಯುತ್ತದೆ. ಅಂಥ ಬಾಯಿಗೆ ಕಡಿವಾಣ ಹಾಕಿ, ಮಗು ಲಗಾಮು ಜಗ್ಗಿದರೆ ತಟ್ಟು ತಲೆ ಒದರದೆ ಇನ್ನೇನು ಮಾಡೀತು? ಮೊಂಡುತನ ಎಂಬ ಹೆಸರು ಹೊತ್ತ ಎಷ್ಟೋ ತಟ್ಟುಗಳ ಬಾಯಲ್ಲಿ ನಾನು ಹುಣ್ಣು ಕಂಡಿದ್ದೇನೆ.

ಇನ್ನು ನಿಜವಾದ ಕೆಲಸ. ಮೇಲೆ ಕೂರಲಾಗದ ಪ್ರಾಣಿಯನ್ನು ತಯಾರು ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಸವಾರಿ ಶಾಲೆಯಲ್ಲಲ್ಲ, ನಮ್ಮಜ್ಜನಿಂದ. ಅವರು ಮೈಸೂರಿನಲ್ಲಿ ಜಟಕಾ ಓಡಿಸುತ್ತಿದ್ದವರು. ಜಟಕಾದವನು ಕುದುರೆಯ ಮೇಲೆ ಕೂರುವುದೇ ಇಲ್ಲ. ಅವನ ವಿದ್ಯೆಯೆಲ್ಲ ಎರಡು ಉದ್ದ ಲಗಾಮಿನಲ್ಲಿ, ಬಾಯಿಂದ ಬರುವ ಸದ್ದಿನಲ್ಲಿ. ಕಾಯಿಲೆ ಬಿದ್ದು ಎದ್ದ ಕುದುರೆಯನ್ನು ಅಜ್ಜ ನೇರವಾಗಿ ಗಾಡಿಗೆ ಕಟ್ಟುತ್ತಿರಲಿಲ್ಲ. ಬೆಳಗಿನ ಜಾವ ಓಣಿಗಳಲ್ಲಿ ಅದರ ಹಿಂದೆ ತಾವು ನಡೆದು, ಉದ್ದ ಲಗಾಮಿನಿಂದ ಎಡಕ್ಕೆ, ಬಲಕ್ಕೆ ತಿರುಗಿಸಿ, ಹಾಲಿನವರ ಸೈಕಲ್ಲು, ಕೊಡ ಹೊತ್ತ ಹೆಂಗಸರು, ಬೊಗಳುವ ನಾಯಿ ಎಲ್ಲವನ್ನೂ ಕಾಣಿಸಿ, ನಿಲ್ಲು ಎಂದರೆ ನಿಲ್ಲುವವರೆಗೆ ನಡೆಸುತ್ತಿದ್ದರು. ಆಮೇಲೆ ಖಾಲಿ ಗಾಡಿ. ಆಮೇಲೆ ಒಬ್ಬರು. ಆಮೇಲಷ್ಟೇ ಬಾಡಿಗೆ. ದುಡಿಮೆ ನಿಂತರೆ ಆ ದಿನದ ಗಂಜಿಯೇ ಇಲ್ಲದ ಮನೆಯಲ್ಲಿ ಕೂಡ ಆ ವಾರಗಳನ್ನು ಕುದುರೆಗೆ ಕೊಡುತ್ತಿದ್ದರು. ಜಟಕಾದವರ ಈ ಜ್ಞಾನವನ್ನು ನಮ್ಮ ಸವಾರಿ ಶಾಲೆಗಳು ಕೇಳಿ ಕಲಿಯಬೇಕಿತ್ತು. ಆ ತಲೆಮಾರಿನಲ್ಲಿ ಉಳಿದಿರುವವರು ಈಗ ಕೆಲವರೇ.

ಬೆಲ್ಲಳಿಗೆ ಮೊದಲ ಎರಡು ವಾರ ಬರೀ ನಡಿಗೆ, ಸಮನಾದ ನೆಲದಲ್ಲಿ, ಇಪ್ಪತ್ತು ನಿಮಿಷ. ನಾನು ಅವಳ ಹೆಗಲಿನ ಪಕ್ಕ, ಹಗ್ಗ ಸಡಿಲ. ಆರನೇ ವಾರದ ಹೊತ್ತಿಗೆ ಮುಕ್ಕಾಲು ಗಂಟೆ, ಉದ್ದ ಲಗಾಮಿನಲ್ಲಿ, ನಾನು ಹಿಂದೆ. ತೋಟದ ಏರಿನಲ್ಲಿ ನಿಧಾನವಾಗಿ ಹತ್ತಿಸಿದೆ. ಏರು ಬೆನ್ನನ್ನೂ ಹಿಂಗಾಲನ್ನೂ ಕಟ್ಟುತ್ತದೆ. ಆಮೇಲೆ ನೇರ ದಾರಿಯಲ್ಲಿ ಚಿಕ್ಕ ಚಿಕ್ಕ ಟ್ರಾಟ್, ಅಂದರೆ ಕುಕ್ಕುಲೋಟ. ಸಣ್ಣ ವೃತ್ತದಲ್ಲಿ ಹಗ್ಗ ಹಿಡಿದು ಸುತ್ತಿಸುವುದನ್ನು ಬಹಳ ಮಿತವಾಗಿ ಇಟ್ಟೆ. ಅದು ಸುಲಭವಾಗಿ ಕಾಣುತ್ತದೆ, ಒಬ್ಬರು ನಿಂತಲ್ಲೇ ನಿಂತು ಮಾಡಿಬಿಡಬಹುದು. ಆದರೆ ಜಡ್ಡುಗಟ್ಟಿದ ಕೀಲುಗಳಿಗೆ ಅದರಷ್ಟು ಕೆಟ್ಟದ್ದು ಇನ್ನಿಲ್ಲ.

ಇಷ್ಟು ನಿಧಾನ ಏಕೆ ಎಂದು ಹುಡುಗನ ತಂದೆ ಕೇಳಿದರು. ಒಳ್ಳೆಯ ಪ್ರಶ್ನೆ. ಉಸಿರು, ಹೃದಯ ಕೆಲವೇ ವಾರಗಳಲ್ಲಿ ಹದಕ್ಕೆ ಬರುತ್ತವೆ. ಸ್ನಾಯುವಿಗೆ ಅದಕ್ಕಿಂತ ಹೆಚ್ಚು ಕಾಲ ಬೇಕು. ಸ್ನಾಯುರಜ್ಜು ಮತ್ತು ಎಲುಬು ಗಟ್ಟಿಯಾಗಲು ತಿಂಗಳುಗಳೇ ಹಿಡಿಯುತ್ತವೆ. ಹಾಗಾಗಿ ಒಂದು ತಿಂಗಳಾದ ಮೇಲೆ ತಟ್ಟು ಚುರುಕಾಗಿ ತಲೆ ಎತ್ತಿ ಓಡಲು ಸಿದ್ಧವಾದಂತೆ ಕಾಣುತ್ತದೆ, ಆದರೆ ಅದರ ಕಾಲಿನ್ನೂ ಸಿದ್ಧವಿರುವುದಿಲ್ಲ. ಗಾಯಗಳಾಗುವುದು ಆ ಹೊತ್ತಿನಲ್ಲಿ. ನಾನು ದವಡೆಯ ಕೆಳಗೆ ಬೆರಳಿಟ್ಟು ನಾಡಿ ಎಣಿಸುತ್ತೇನೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 40ರ ಆಸುಪಾಸು ಇರುವುದು, ಕೆಲಸ ಮುಗಿದು ಹತ್ತು ನಿಮಿಷದಲ್ಲಿ 60ಕ್ಕಿಂತ ಕೆಳಗೆ ಬರಬೇಕು. ಬರದಿದ್ದರೆ ಮರುದಿನ ಕೆಲಸ ಕಡಿಮೆ. ತಟ್ಟು ಎಷ್ಟು ಉತ್ಸಾಹದಲ್ಲಿದೆ ಎಂಬುದನ್ನು ನಾನು ನೋಡಲು ಹೋಗುವುದಿಲ್ಲ.

ಮೈಯಷ್ಟೇ ಮನಸ್ಸನ್ನೂ ಕೆಲಸಕ್ಕೆ ತರಬೇಕು. ನಿಂತಿದ್ದ ಎರಡು ವರ್ಷಗಳಲ್ಲಿ ಬೆಲ್ಲ ಸುಮ್ಮನಿರಲಿಲ್ಲ, ಕಲಿಯುತ್ತಿದ್ದಳು. ಜೇಬಿಗೆ ಮೂತಿ ಹಾಕಿದರೆ ತಿಂಡಿ ಸಿಗುತ್ತದೆ, ಸಿಗದಿದ್ದರೆ ಕಚ್ಚಿದರೆ ಸಿಗುತ್ತದೆ ಎಂದು ಕಲಿತಿದ್ದಳು. ಹಗ್ಗ ಹಿಡಿದವರನ್ನು ಹೆಗಲಿನಿಂದ ತಳ್ಳಿದರೆ ಅವರೇ ಸರಿಯುತ್ತಾರೆ ಎಂದು ಕಲಿತಿದ್ದಳು. ಹುಲ್ಲು ಕಂಡಲ್ಲಿ ಥಟ್ಟನೆ ತಲೆ ಬಗ್ಗಿಸುತ್ತಿದ್ದಳು. ದೊಡ್ಡವರಿಗೆ ಇದೆಲ್ಲ ಮುದ್ದು. ಆರು ವರ್ಷದ ಮಗು ಲಗಾಮು ಹಿಡಿದು ಕೂತಾಗ ತಟ್ಟು ಹಾಗೆ ತಲೆ ಬಗ್ಗಿಸಿದರೆ ಮಗು ಅದರ ಕತ್ತಿನ ಮೇಲಿಂದ ಜಾರಿ ನೆಲಕ್ಕೆ ಬೀಳುತ್ತದೆ. ಕೈಯಲ್ಲಿ ತಿನ್ನಿಸುವುದನ್ನು ಪೂರ್ತಿ ನಿಲ್ಲಿಸಿ, ತಿನ್ನುವುದೆಲ್ಲ ಬೋಗುಣಿಯಲ್ಲೇ ಎಂದು ಮಾಡಿದೆವು. ಬೆಲ್ಲ ಕಲಿಯಬೇಕಿದ್ದದ್ದು ನಾನು ನಿಂತಾಗ ನಿಲ್ಲುವುದು, ಕರೆದಾಗ ಬರುವುದು, ನನ್ನ ಜಾಗ ನನಗೆ ಬಿಡುವುದು. ಹೊಡೆತ ಬೇಕಾಗಲಿಲ್ಲ. ಪ್ರತಿದಿನ ಒಂದೇ ರೀತಿ ಇರುವುದು ಬೇಕಾಯಿತು. ಮನೆಯ ಐದು ಜನರೂ ಒಂದೇ ರೀತಿ ಇರುವಂತೆ ಮಾಡುವುದಕ್ಕೆ ತಟ್ಟುವಿಗಿಂತ ಹೆಚ್ಚು ಹೊತ್ತು ಹಿಡಿಯಿತು.

ಜೀನು ಹಾಕುವ ಹಂತದಲ್ಲಿ ಎರಡು ಮಾತು. ಅಕ್ಕನ ಹಳೆಯ ಜೀನು ಇದೆಯಲ್ಲ ಎಂದು ತಂದುಕೊಟ್ಟರು. ಅದು ದಪ್ಪವಿದ್ದಾಗಿನ ಬೆಲ್ಲಳಿಗೂ ಹೊಂದುತ್ತಿರಲಿಲ್ಲ, ಇಳಿದಾಗಿನ ಬೆಲ್ಲಳಿಗೂ ಹೊಂದಲಿಲ್ಲ. ದುಂಡು ಬೆನ್ನಿನ ತಟ್ಟುಗಳಲ್ಲಿ ಜೀನು ಮುಂದಕ್ಕೆ ಜಾರಿ ಹೆಗಲ ಮೇಲೆ ಕೂರುತ್ತದೆ, ಅದಕ್ಕೆ ಬಾಲದ ಬುಡದಿಂದ ಹಿಡಿದಿಡುವ ದುಮಚಿ ಬೇಕು. ಇನ್ನೊಂದು, ಮರಳಿನ ಚೀಲ ಕಟ್ಟಿ ಭಾರ ರೂಢಿ ಮಾಡಿಸುವ ಪದ್ಧತಿ ಕೆಲವೆಡೆ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಸತ್ತ ಭಾರ ಬೆನ್ನಿನ ಒಂದೇ ಜಾಗ ಒತ್ತುತ್ತದೆ, ಮಗುವಿನ ಹಾಗೆ ಅಲುಗಾಡುವುದಿಲ್ಲ, ಅದರಿಂದ ತಟ್ಟು ಕಲಿಯುವುದು ಸಹಿಸಿಕೊಳ್ಳುವುದನ್ನಷ್ಟೇ. ನಾನು ಹಳೆಯ ಪ್ಯಾಂಟಿಗೆ ಒಣಹುಲ್ಲು ತುಂಬಿ ಜೀನಿನ ಎರಡೂ ಬದಿ ಇಳಿಬಿಟ್ಟೆ. ಪಕ್ಕೆಗೆ ಬಡಿಯುವ ಕಾಲು, ಮೇಲೆ ಎತ್ತರದಲ್ಲಿ ಅಲ್ಲಾಡುವ ಏನೋ ಒಂದು, ಅದಕ್ಕೆ ಕಣ್ಣು, ಕಿವಿ ಹೊಂದಿಕೊಳ್ಳಬೇಕು. ಅದಾದ ಮೇಲೆ ನನ್ನ ವಿದ್ಯಾರ್ಥಿನಿಯೊಬ್ಬಳು ಏರಿದಳು. ಹನ್ನೊಂದು ವರ್ಷ, 28 ಕಿಲೊ, ಹಗುರ ಕೈ, ಕುದುರೆ ಗೊತ್ತಿರುವ ಹುಡುಗಿ. ಪ್ರತಿ ಬಾರಿ ಹತ್ತೇ ನಿಮಿಷ. ದೊಡ್ಡ ಕುದುರೆಗೆ ಪಳಗಿದ ಸವಾರ ಮಾಡುವ ಕೆಲಸವನ್ನು ಬೆಲ್ಲಳಿಗೆ ಮಾಡಿಕೊಟ್ಟವಳು ಅವಳು. ಇಂಥ ಮಕ್ಕಳು ಪ್ರತಿ ಸವಾರಿ ಶಾಲೆಯಲ್ಲೂ ಇಬ್ಬರು ಮೂವರು ಇರುತ್ತಾರೆ. ಅವರ ಬೆಲೆ ಶಾಲೆಗಳಿಗೆ ಗೊತ್ತಿದ್ದರೆ ಎಷ್ಟೋ ಚಿಕ್ಕ ಮಕ್ಕಳ ಕೈ ಮುರಿಯುವುದು ತಪ್ಪುತ್ತದೆ.

ಹಾಗಾದರೆ ಈ ನಾಲ್ಕು ತಿಂಗಳು ಆ ಹುಡುಗ ಬೇಲಿಯಾಚೆ ನಿಂತು ನೋಡುತ್ತಿದ್ದನೇ? ಇಲ್ಲ. ನನಗೆ ಅತ್ಯಂತ ಮುಖ್ಯವಾದ ಮಾತು ಇದು. ಮೊದಲ ದಿನದಿಂದಲೇ ಅವನು ಕೆಲಸದಲ್ಲಿದ್ದ. ಪ್ರತಿ ಶನಿವಾರ ಟೇಪಿನ ಒಂದು ತುದಿ ಅವನ ಕೈಯಲ್ಲಿ, ಸುತ್ತಳತೆ ಬರೆಯುವ ಪುಸ್ತಕ ಅವನದು. ಬ್ರಶ್ಶು ಹಾಕುವುದು ಅವನು. ಹೊಟ್ಟೆಯ ಕೆಳಗೆ ಕಚಗುಳಿಯಾಗುವ ಜಾಗ ಯಾವುದು ಎಂದು ನನಗಿಂತ ಮೊದಲು ಕಂಡುಕೊಂಡವನೂ ಅವನೇ. ಕಾಲು ನಾನು ಎತ್ತಿ ಹಿಡಿದರೆ ಗೊರಸಿನ ಮಣ್ಣು ತೆಗೆಯುವುದು ಅವನು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಹಿಂದಿನಿಂದ ಸದ್ದಿಲ್ಲದೆ ಬರಬಾರದು, ಮೊಣಕಾಲೂರಿ ಕೂರಬಾರದು ಎಂಬುದು ಅವನಿಗೆ ಬಾಯಿಪಾಠವಲ್ಲ, ರೂಢಿ. ಎರಡೂ ಕಿವಿ ಹಿಂದಕ್ಕೆ ಮಲಗಿದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಒಂದು ಕಿವಿ ತನ್ನ ಕಡೆ ತಿರುಗಿದರೆ ಮಾತಾಡುತ್ತಾನೆ. ಉದ್ದ ಲಗಾಮಿನ ಹಿಂದೆ ನನ್ನ ಜೊತೆ ನಡೆದು, ನಿಲ್ಲಿಸಬೇಕಾದರೆ ಕೈಗಿಂತ ಮೊದಲು ಉಸಿರು ಮತ್ತು ದನಿ ಎಂದು ಕಲಿತ. ಏರಿದ ದಿನ ಅವನಿಗೆ ಲಗಾಮು ಜಗ್ಗುವ ಆಸೆಯೇ ಇರಲಿಲ್ಲ. ತಂದೆತಾಯಿ ಕಳೆದುಹೋದ ಸಮಯ ಎಂದುಕೊಂಡಿದ್ದ ತಿಂಗಳುಗಳಲ್ಲಿ ಹುಡುಗ ಸವಾರನಾಗಿದ್ದ. ಜೊತೆಗೆ ವಾರಕ್ಕೊಮ್ಮೆ ನನ್ನ ಲಾಯಕ್ಕೆ ಬಂದು, ದಿನವೂ ಕೆಲಸದಲ್ಲಿರುವ ಹಳೆಯ ತಟ್ಟುವೊಂದರ ಮೇಲೆ ಸಮತೋಲ ಕಲಿತ. ಬೆಲ್ಲಳ ಬೆನ್ನನ್ನು ಅವನ ಮೊದಲ ಪಾಠಕ್ಕೆ ಬಳಸಲಿಲ್ಲ.

ಮೊದಲ ಸವಾರಿಯಲ್ಲಿ ಹಗ್ಗ ನನ್ನ ಕೈಯಲ್ಲಿ, ಪಕ್ಕದಲ್ಲಿ ಅವನ ತಾಯಿ, ಬೆಲ್ಲಳ ಕತ್ತಿಗೆ ಅವನು ಹಿಡಿದುಕೊಳ್ಳಲು ಒಂದು ಪಟ್ಟಿ. ರಿಕಾಪು ಅವನ ಬೂಟಿಗಿಂತ ಬೆರಳಗಲ ಹೆಚ್ಚು, ಬಿದ್ದರೆ ಪಾದ ಸಿಕ್ಕಿಕೊಳ್ಳದಂತೆ. ಹೆಲ್ಮೆಟ್ ಸವಾರಿಗೆಂದೇ ಮಾಡಿದ್ದು. ಸೈಕಲ್ ಹೆಲ್ಮೆಟ್ ಸಾಲದು, ಅದು ಬೇರೆ ರೀತಿಯ ಬೀಳುವಿಕೆಗೆ ಮಾಡಿದ ವಸ್ತು. ಬ್ರಿಟನ್ನಿನಲ್ಲಿ 14 ವರ್ಷದೊಳಗಿನ ಮಕ್ಕಳು ರಸ್ತೆಯಲ್ಲಿ ಕುದುರೆ ಏರಿದರೆ ಶಿರಸ್ತ್ರಾಣ ಕಡ್ಡಾಯ ಎಂದು 1990ರಲ್ಲೇ ಕಾಯಿದೆ ಬಂದಿದೆ. ನಮ್ಮಲ್ಲಿ ಗಿರಿಧಾಮಗಳಲ್ಲಿ, ಕಡಲತೀರಗಳಲ್ಲಿ, ಮೇಳಗಳಲ್ಲಿ ಬರಿತಲೆಯ ಮಗುವನ್ನು ಕುದುರೆಯ ಮೇಲಿಟ್ಟು ಫೋಟೊ ತೆಗೆಯುವುದನ್ನು ಯಾರೂ ತಡೆಯುವುದಿಲ್ಲ.

ಈಗ ಹುಡುಗ ಹಗ್ಗದಲ್ಲಿ ನಡಿಗೆ ಮಾಡುತ್ತಾನೆ, ಒಂದಿಷ್ಟು ಟ್ರಾಟ್ ಕೂಡ. ಹಗ್ಗ ಬಿಡುವುದು ಯಾವಾಗ ಎಂದು ಮನೆಯಲ್ಲಿ ಕೇಳುತ್ತಾರೆ. ದೀಪಾವಳಿಯ ಪಟಾಕಿ ಮುಗಿಯಲಿ ಎಂದಿದ್ದೇನೆ.

ಇದೆಲ್ಲ ದುಡ್ಡಿದ್ದವರ ಮನೆಯ ಮಾತು ಎನ್ನಬಹುದು. ತಟ್ಟುವಿನ ಬೆನ್ನೇರುವ ಮಕ್ಕಳಲ್ಲಿ ತೋಟದ ಮನೆಯವರಿಗಿಂತ ಪ್ರವಾಸದಲ್ಲಿ ಹತ್ತು ನಿಮಿಷ ಏರುವವರು, ರಜಾ ಶಿಬಿರಕ್ಕೆ ಸೇರುವವರೇ ಬಹಳ. ಬೆಂಗಳೂರಿನ ಕುದುರೆ ಸವಾರ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದು, 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಫೈನಲ್‌ವರೆಗೆ ಹೋದರು. ಮಕ್ಕಳನ್ನು ಸವಾರಿಗೆ ಕಳಿಸುವ ಆಸೆ ನಮ್ಮ ಮನೆಗಳಲ್ಲಿ ಬೆಳೆದರೆ ನನಗೆ ಸಂತೋಷವೇ. ಆದರೆ ಬೇಡಿಕೆ ಬೆಳೆದಾಗ ತಿಂಗಳುಗಟ್ಟಲೆ ಕಟ್ಟಿಹಾಕಿದ್ದ ತಟ್ಟುಗಳು ಏಪ್ರಿಲ್ ಒಂದರಂದು ಒಮ್ಮೆಲೇ ದಿನಕ್ಕೆ ಆರೇಳು ಗಂಟೆ ದುಡಿಯತೊಡಗುತ್ತವೆ. ನನ್ನ ಆತಂಕ ಅದರದ್ದು.

ಕಾನೂನು ಇಲ್ಲವೆಂದಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆ 1960ರದು. ಅದರಡಿ 1965ರಲ್ಲಿ ಬಂದ ನಿಯಮಗಳು ಹೊರೆ ಹೊರುವ ತಟ್ಟುವಿಗೆ 70 ಕಿಲೊ ಮಿತಿ ಹಾಕಿವೆ. ದಿನಕ್ಕೆ ಒಟ್ಟು ಒಂಬತ್ತು ಗಂಟೆ, ಬಿಡುವಿಲ್ಲದೆ ಐದು ಗಂಟೆ ಮೀರಿ ದುಡಿಸಬಾರದು. 37 ಡಿಗ್ರಿಗಿಂತ ಹೆಚ್ಚು ಬಿಸಿಲಿರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಲೇಬಾರದು ಎನ್ನುತ್ತವೆ. ಆ 70 ಕಿಲೊ ಎಲ್ಲ ತಟ್ಟುಗಳಿಗೂ ಒಂದೇ. ಬೆಲ್ಲಳಂಥ 176 ಕಿಲೊ ತೂಕದ ತಟ್ಟುವಿಗೆ ಅದು ಮೈತೂಕದ ಶೇ 40ರಷ್ಟಾಗುತ್ತದೆ. ನಿಂತಿದ್ದ ಪ್ರಾಣಿಯನ್ನು ಎಷ್ಟು ವಾರಗಳಲ್ಲಿ, ಹೇಗೆ ಕೆಲಸಕ್ಕೆ ತರಬೇಕು ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಮಿತಿಯನ್ನು ಪ್ರಾಣಿಯ ತೂಕಕ್ಕೆ ತಕ್ಕಂತೆ ಇಳಿಸಬೇಕು. ಮಕ್ಕಳನ್ನು ಹೊರುವ ಪ್ರತಿ ತಟ್ಟುವಿಗೂ ಹಂಗಾಮು ಶುರುವಾಗುವ ಮೊದಲು ತಾಲ್ಲೂಕಿನ ಸರ್ಕಾರಿ ಪಶುವೈದ್ಯರಿಂದ ಗೊರಸು, ಹಲ್ಲು, ಬೆನ್ನು ನೋಡಿದ ಪತ್ರ ಕಡ್ಡಾಯವಾಗಬೇಕು. ಅದಕ್ಕೆ ಶುಲ್ಕ ಇರಬಾರದು. ತಟ್ಟು ಹಿಡಿದು ನಿಂತವನು ಹೆಚ್ಚಿನ ವೇಳೆ ಬಡವ, ನಮ್ಮಜ್ಜನಂಥವನು, ಅವನ ಹೊಟ್ಟೆಯ ಮೇಲೆ ಹೊಡೆದು ತಟ್ಟುವನ್ನು ಉಳಿಸಲಾಗದು. ಗೊರಸು ಕತ್ತರಿಸುವ ತರಬೇತಿ, ಧನುರ್ವಾಯು ಲಸಿಕೆ ಅವನಿಗೆ ಪುಕ್ಕಟೆ ಸಿಗುವಂತೆ ಪಶುಪಾಲನಾ ಇಲಾಖೆ ಮಾಡಬೇಕು. ಇದು ದೊಡ್ಡ ಮೊತ್ತದ ಯೋಜನೆಯೇನಲ್ಲ.

ಅದಾಗುವವರೆಗೆ ತಂದೆತಾಯಿಗಳು ಕೇಳಬಹುದು. ಈ ತಟ್ಟು ಕಳೆದ ಮೂರು ತಿಂಗಳು ಏನು ಮಾಡುತ್ತಿತ್ತು? ಇವತ್ತು ಎಷ್ಟು ಗಂಟೆಯಿಂದ ದುಡಿಯುತ್ತಿದೆ? ಗೊರಸು ಕೊನೆಯ ಬಾರಿ ಕತ್ತರಿಸಿದ್ದು ಯಾವಾಗ? ಸವಾರಿ ಶಾಲೆಯವರಾದರೆ ಪುಸ್ತಕ ತೆಗೆದು ತೋರಿಸಬೇಕು, ಕಡಲತೀರದ ಕುದುರೆಯವನಾದರೆ ಬಾಯಲ್ಲಿ ಹೇಳಿದರೆ ಸಾಕು. ದಿನವೂ ಜೊತೆಗಿರುವವನಿಗೆ ಅದು ಗೊತ್ತಿರುತ್ತದೆ. ಅವನು ಹೇಳುತ್ತಿರುವಾಗ ತಟ್ಟುವಿನ ಬಾಯಿಯ ಅಂಚು, ಜೀನಿನ ಅಡಿಯ ಚರ್ಮ, ನಾಲ್ಕು ಗೊರಸು ನೋಡಿಕೊಳ್ಳಿ. ಹುಣ್ಣು ಕಂಡರೆ, ಕಾಲೆತ್ತಿ ಎತ್ತಿ ಇಡುತ್ತಿದ್ದರೆ, ಮಗುವಿಗೆ ಕಾರಣ ಹೇಳಿ ವಾಪಸು ಕರೆದುಕೊಂಡು ಬನ್ನಿ. ಆರು ವರ್ಷದ ಮಕ್ಕಳಿಗೆ ಆ ಕಾರಣ ಚೆನ್ನಾಗಿ ಅರ್ಥವಾಗುತ್ತದೆ.